ಕೆಂಪು ವೃತ್ತದೊಳಗೆ ಅವ್ವ

ವಿಜಯದಶಮಿಯ ಮಾರನೆಯ ದಿನ, ಶುಕ್ರವಾರ ಮಧ್ಯಾಹ್ನ, ಇಂದಿರಾನಗರದ ಒಂದು ಔಷಧಿ ಅಂಗಡಿಯಲ್ಲಿ ಏಣಿಯ ಮೇಲೆ ನಿಂತು ಕ್ಯಾಮೆರಾಗೆ ವೈರು ಜೋಡಿಸುತ್ತಿದ್ದೆ. ಜೇಬಿನಲ್ಲಿ ಫೋನು ಮೇಲಿಂದ ಮೇಲೆ ಗುಂಯ್‌ಗುಟ್ಟಿತು. ಇಳಿದು ನೋಡಿದೆ. ಹಲಸೂರಿನ ಹಳೇ ಪೇಟೆಯ ಒಂದು ಬೀದಿಯ ವರ್ತಕರ ವಾಟ್ಸಾಪ್ ಗುಂಪು. ಆ ಬೀದಿಯ ಅಂಗಡಿಗಳ ಕ್ಯಾಮೆರಾಗಳನ್ನೆಲ್ಲ ನೋಡಿಕೊಳ್ಳುವುದು ನಮ್ಮ ಕಂಪನಿ. ಸರ್ವಿಸ್ ಇಂಜಿನಿಯರ್ ಎಂದು ನನ್ನನ್ನೂ ಗುಂಪಿಗೆ ಸೇರಿಸಿದ್ದರು. ಪಾತ್ರೆ ಅಂಗಡಿಯ ಮಾಲೀಕರು ಒಂದು ವಿಡಿಯೋ, ಒಂದು ಫೋಟೋ ಹಾಕಿದ್ದರು. ವಿಡಿಯೋ ಮಾನಿಟರ್ ಮುಂದೆ ಮೊಬೈಲ್ ಹಿಡಿದು ತೆಗೆದದ್ದು. ಅದರಲ್ಲಿ ಒಬ್ಬ ಹೆಂಗಸು ಅಂಗಡಿಯ ಹಿಂದಿನ ಕೋಣೆಯಿಂದ ಉಬ್ಬಿದ ಚೀಲ ಹೊತ್ತು ಹೊರಗೆ ಬರುತ್ತಾಳೆ. ಫೋಟೋದಲ್ಲಿ ಅವಳ ಮುಖದ ಸುತ್ತ ಕೆಂಪು ವೃತ್ತ. ಕೆಳಗೆ ಹೀಗೆ ಬರೆದಿತ್ತು: ‘ನಮ್ಮ ಅಂಗಡಿಯ ಬೆಳ್ಳಿ ದೀಪದ ಜೋಡಿ ಕದ್ದವಳು. ಯಾರೂ ಒಳಗೆ ಬಿಟ್ಟುಕೊಳ್ಳಬೇಡಿ. ಪೊಲೀಸರಿಗೂ ಕಳಿಸಿದ್ದೇನೆ.’

ಅದು ನನ್ನ ಅವ್ವ.

ನಾನು ನೋಡುತ್ತಿದ್ದಂತೆಯೇ ಕೆಳಗೆ ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು ಬಂದು ಬೀಳತೊಡಗಿದವು. ‘ಗುಡ್ ಜಾಬ್ ಅಣ್ಣ’ ಎಂದು ಬಟ್ಟೆ ಅಂಗಡಿಯವರು ಹಾಕಿದ್ದರು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನ್ನ ಮನಸ್ಸಿಗೆ ಬಂದ ಮೊದಲ ಮಾತು, ಈ ಮನುಷ್ಯ ಅದೇ ಬೀದಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕು ಅಂತ. ಅವ್ವನ ಮೇಲಿನ ಕಳಂಕ ಹೋಗಬೇಕು ಎಂಬುದು ಹಿಂದೆಯೇ ಬಂತು, ಆದರೆ ಎರಡನೆಯದಾಗಿ ಬಂತು.

ಅವ್ವ ಆ ಬೀದಿಯ ಮೂರು ಅಂಗಡಿಗಳ ಕಸ ಗುಡಿಸಿ ನೆಲ ಒರೆಸುತ್ತಾಳೆ. ಯಾದಗಿರಿ ಕಡೆಯಿಂದ ಬಂದ ನಮಗೆ ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ. ಅಲ್ಲಿಂದ ಮುಂಜಾನೆಯ ಮೆಟ್ರೋ ಹಿಡಿದು ಹೋಗಿ, ಆ ಕಸಬರಿಗೆಯಿಂದಲೇ ನನ್ನನ್ನು ಬಿ.ಇ. ಓದಿಸಿದಳು. ನಮ್ಮ ಕುಲದಲ್ಲೇ ಡಿಗ್ರಿ ಕಂಡವಳು ನಾನೊಬ್ಬಳೇ. ಆ ಬೀದಿಯ ಕೆಲಸ ನನಗೆ ವಹಿಸಿದಾಗ ಅವ್ವ ಒಂದು ಕರಾರು ಹಾಕಿದ್ದಳು: “ಅಲ್ಲಿ ನನ್ನ ಅವ್ವಾ ಅಂತ ಕರೀಬ್ಯಾಡ. ಕಸ ಹೊಡಿಯಾಕಿ ಮಗಳು ಅಂತ ಗೊತ್ತಾದ್ರ ನಿನ್ನ ಮಾತಿಗಿ ಕಿಮ್ಮತ್ತು ಇರಂಗಿಲ್ಲ.” ನಾನು ಒಪ್ಪಿದ್ದೆ. ಒಪ್ಪಿದ್ದಕ್ಕೆ ಈಗಲೂ ನಾಚಿಕೆಯಿದೆ.

ವಿಡಿಯೋವನ್ನು ಮತ್ತೆ ನೋಡಿದೆ, ಈ ಸಲ ಇಂಜಿನಿಯರಾಗಿ. ಮೂಲೆಯಲ್ಲಿ ಬುಧವಾರದ ತಾರೀಖು, ಸಮಯ 20:40. ಬುಧವಾರ ಆಯುಧಪೂಜೆ. ಅಂಗಡಿ ಎಂಟಕ್ಕೇ ಮುಚ್ಚಿತ್ತು, ಮುಚ್ಚಿದ ಮೇಲೆ ಇವಳು ಬಂದು ಕದ್ದಿದ್ದಾಳೆ ಎಂಬುದು ಮಾಲೀಕರ ವಾದ. ಆದರೆ ಬುಧವಾರ ಎಂಟೂ ನಲವತ್ತಕ್ಕೆ ಅವ್ವ ನನ್ನ ಎದುರಿಗೆ ಕೂತು ಹೋಳಿಗೆ ತಿನ್ನುತ್ತಿದ್ದಳು. ಅಂದಮೇಲೆ ಸಮಯ ಸುಳ್ಳು. ಇದನ್ನು ಬಲ್ಲ ಇಬ್ಬರಲ್ಲಿ ಒಬ್ಬಳು ಆರೋಪಿ, ಇನ್ನೊಬ್ಬಳು ಆರೋಪಿಯ ಮಗಳು.

ಸಂಜೆ ಅವ್ವನಿಗೆ ವಿಡಿಯೋ ತೋರಿಸಿದೆ. ಅವಳು ಮೊದಲು ತನ್ನ ಸೀರೆ ಗುರುತಿಸಿದಳು, ಆಮೇಲೆ ಚೀಲ.

“ಇದು ಗುರುವಾರ ಮುಂಜಾನಿದು ನೋಡು. ಪೂಜಿ ಹೂವು, ಬಾಳಿ ದಿಂಡು, ಒಡದ ಕುಂಬಳಕಾಯಿ ಎಲ್ಲಾ ತುಂಬಿಕೊಂಡು ಹೋಗಿ ಕಸದ ಗಾಡಿಗಿ ಹಾಕಿದೆ. ಮುದುಕ ಗುಮಾಸ್ತರು ಉಳಿದ ಚುರುಮುರಿ ಕೊಟ್ರು, ಅದೂ ಅದರಾಗ ಇತ್ತು. ನೀನೇ ತಿಂದೆಲ್ಲಾ!”

“ಹೌದವ್ವ, ತಿಂದೆ.”

“ಹಂಗಾದ್ರ ನಿನ್ನೂ ಹಿಡ್ಕೊಂಡ್ ಹೋಗ್ತಾರೇನು?” ಎಂದು ನಕ್ಕಳು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಅಷ್ಟರಲ್ಲಿ ಠಾಣೆಯಿಂದ ಫೋನು ಬಂತು, ನಾಳೆ ಹತ್ತು ಗಂಟೆಗೆ ಬರಬೇಕಂತೆ.

ಆ ಬೀದಿಯ ವರ್ತಕರು ತಮ್ಮ ಕ್ಯಾಮೆರಾ ದೃಶ್ಯಗಳನ್ನು ಪೊಲೀಸರ ಜೊತೆ ಹಂಚಿಕೊಳ್ಳಲು ಒಪ್ಪಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಅದರ ಸಭೆಯಲ್ಲಿ ಮೊದಲು ಕೈ ಎತ್ತಿದವರು ಪಾತ್ರೆ ಅಂಗಡಿಯ ಮಾಲೀಕರೇ. ಅವರಿಗೊಂದು ಶಾಲು ಹೊದಿಸಿದ್ದರು. ಅದೇ ಸಭೆಯಲ್ಲಿ ನಾನು ಎದ್ದು ನಿಂತು ವಿಧಾನ ಹೇಳಿಕೊಟ್ಟಿದ್ದೆ. ಪೊಲೀಸರು ಬರಹದಲ್ಲಿ ಕೇಳಬೇಕು. ಮೂಲ ಫೈಲನ್ನೇ ಪೆನ್‌ಡ್ರೈವಿಗೆ ಇಳಿಸಬೇಕು. ರೆಕಾರ್ಡಿಂಗ್ ಮೆಷೀನಿನ ಸಮಯಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಬರೆಯಬೇಕು. ಮೆಷೀನಿನ ಯಜಮಾನ ಪ್ರಮಾಣಪತ್ರಕ್ಕೆ ಸಹಿ ಮಾಡಬೇಕು. ನಾನು ಹೇಳುವಾಗ ಎಲ್ಲರೂ ಬೋಂಡಾ ತಿನ್ನುತ್ತಿದ್ದರು. ಆಮೇಲೆ ನಡೆದದ್ದೆಲ್ಲ ಮಾನಿಟರ್ ಮುಂದೆ ಮೊಬೈಲ್ ಹಿಡಿಯುವುದು, ಪೇದೆಯ ವಾಟ್ಸಾಪಿಗೆ ಕಳಿಸುವುದು. ಅಷ್ಟೇ.

ಶನಿವಾರ ಬೆಳಗ್ಗೆ ಅವ್ವನನ್ನು ಠಾಣೆಗೆ ಬಿಟ್ಟು ಶಿವಾಜಿನಗರಕ್ಕೆ, ನಮ್ಮ ಕಂಪನಿಯ ಯಜಮಾನರ ಹತ್ತಿರ ಓಡಿದೆ. ಅವರನ್ನು ನಾವೆಲ್ಲ ಭಾಯ್ ಎನ್ನುತ್ತೇವೆ. ಕ್ಯಾಮೆರಾ ಬರುವ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಎಲ್ಲ ಹೇಳಿದೆ.

“ಆ ಮೆಷೀನಿನ ರಿಮೋಟ್ ಪಾಸ್‌ವರ್ಡ್ ನನ್ನತ್ರ ಇದೆ ಭಾಯ್. ಐದು ನಿಮಿಷದ ಕೆಲಸ. ಒಳಗೆ ಹೋಗಿ ಕಾಪಿ ಮಾಡ್ಕೊಂಡ್ಬಿಡ್ತೀನಿ.”

“ಮಾಡ್ಕೋ. ಆಮೇಲೆ?” ಭಾಯ್ ಚಹಾದ ಲೋಟ ಕೆಳಗಿಟ್ಟರು. “ಕಳ್ಳಿ ಮಗಳೇ ಮೆಷೀನಿಗೆ ಕೈ ಹಾಕಿ ಫುಟೇಜ್ ಬದಲಾಯಿಸಿದ್ಳು ಅಂತಾರೆ. ನಿಮ್ಮಮ್ಮಂಗೆ ಒಂದು ಕೇಸು, ನಿಂಗೊಂದು ಕೇಸು. ಪಾಸ್‌ವರ್ಡ್ ನಮ್ದು ಬೇಟಿ, ಮೆಷೀನ್ ನಮ್ದಲ್ಲ. ಒಂದ್ಸಲ ಕದ್ದು ನೋಡಿದ್ರೆ ಯಾವ ಅಂಗಡಿಯೋನೂ ನಮಗೆ ಶಟರ್ ಎತ್ತಲ್ಲ.”

ಲ್ಯಾಪ್‌ಟಾಪ್ ಮುಚ್ಚಿದೆ. ಸಿಟ್ಟಿನಲ್ಲೇ ಠಾಣೆಯ ಕಡೆ ಹೊರಟೆ.

ಠಾಣೆಗೆ ವಾಪಸ್ ಬಂದಾಗ ಅವ್ವ ಗೋಡೆ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದಳು. ಬಂದವರೆಲ್ಲ ಅವಳನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಠಾಣೆಯ ರೈಟರ್, ಅಂದರೆ ಕಾಗದಪತ್ರ ಬರೆಯುವ ಪೊಲೀಸರು, ತಲೆ ಎತ್ತದೆ ಮಾತಾಡಿದರು.

“ವಿಡಿಯೋ ಇದೆ, ಟೈಮ್ ಇದೆ, ಮುಖ ಇದೆ. ಇನ್ನೇನಮ್ಮ ಬೇಕು?”

“ಅದು ಮೊಬೈಲಲ್ಲಿ ತೆಗೆದಿದ್ದು ಸರ್. ಟೈಮ್ ತಪ್ಪಿದೆ. ಒರಿಜಿನಲ್ ತರಿಸಿ ನೋಡಿ.”

“ನೀವೇನು ಲಾಯರ್ರಾ?”

“ಇಂಜಿನಿಯರ್.”

“ಹಂಗಾದ್ರೆ ಹೋಗಿ ಇಂಜಿನಿಯರಿಂಗ್ ಮಾಡಿ. ಮೇಡಂ ಬಂದ್ಮೇಲೆ ನೋಡೋಣ.”

ಸಂಜೆ ನಾಲ್ಕರವರೆಗೆ ಮೇಡಂ ಬರಲಿಲ್ಲ. “ಸೋಮವಾರ ಬನ್ನಿ” ಎಂದರು. ಮನೆಗೆ ಹೋಗುವ ದಾರಿಯಲ್ಲಿ ಅವ್ವನ ಫೋನಿಗೆ ಉಳಿದೆರಡು ಅಂಗಡಿಯವರಿಂದಲೂ ಒಂದೇ ಮಾತು ಬಂತು: ನಾಳೆಯಿಂದ ಬರುವುದು ಬೇಡ. ಅವ್ವ ಫೋನನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಕೆ.ಆರ್. ಪುರ ಬರುವ ತನಕ ಮೆಟ್ರೋ ಕಿಟಕಿಯಾಚೆಯೇ ನೋಡುತ್ತಿದ್ದಳು.

ಸೋಮವಾರ ಅವ್ವ ಮತ್ತೆ ಠಾಣೆಗೆ ಹೋದಳು. ನನಗೆ ಆ ದಿನ ಆ ಬೀದಿಯ ತಿಂಗಳ ಸರ್ವಿಸ್ ಇತ್ತು. ಕದ್ದು ಹೋಗಬೇಕಾಗಿರಲಿಲ್ಲ, ಹೋಗಲೇಬೇಕಿತ್ತು. ಕೆಲಸದ ಪಟ್ಟಿ ನಮ್ಮ ಶೀಟಿನಲ್ಲೇ ಅಚ್ಚಾಗಿರುತ್ತದೆ: ಲೆನ್ಸ್ ಒರೆಸುವುದು, ವೈರು ನೋಡುವುದು, ರೆಕಾರ್ಡಿಂಗ್ ನೋಡುವುದು, ಕೊನೆಗೆ ‘ಸಮಯ ವ್ಯತ್ಯಾಸ’ ಎಂಬ ಕಾಲಂ. ಆ ಕಾಲಮ್ಮಿನಲ್ಲಿ ಎಲ್ಲರೂ ನೋಡದೆಯೇ ‘ಇಲ್ಲ’ ಎಂದು ಬರೆಯುತ್ತಾರೆ. ನಾನೂ ಎಷ್ಟೋ ಸಲ ಬರೆದಿದ್ದೇನೆ.

ಪಾತ್ರೆ ಅಂಗಡಿಯ ಮೆಷೀನು ಗಲ್ಲಾದ ಕೆಳಗೆ, ಕೊಡಪಾನಗಳ ಹಿಂದೆ ಇದೆ. ಅದರ ನೆತ್ತಿಯ ಮೇಲೆ ಮೂರು ಬೆರಳು ಅಗಲದ ವಿಭೂತಿ, ನಡುವೆ ಕುಂಕುಮ. ಬಾಗಿಲ ಹೊರಗಿನ ಕ್ಯಾಮೆರಾಕ್ಕಂತೂ ಲೆನ್ಸಿನ ಮೇಲೆಯೇ ಗಂಧ ಮೆತ್ತಿ ಕುಂಕುಮ ಇಟ್ಟಿದ್ದರು. ಮಾನಿಟರಿನಲ್ಲಿ ಅದರ ಚಿತ್ರ ಮುಕ್ಕಾಲು ಭಾಗ ಕೆಂಪು ಕಲೆ, ಅಂಚಿನಲ್ಲಿ ಒಂದಿಷ್ಟು ಬೀದಿ. ಆಯುಧಪೂಜೆ ಆದಮೇಲೆ ವಾರವೆಲ್ಲ ನಮಗೆ ಇದೇ ಕೆಲಸ, ಊರಿನ ಕ್ಯಾಮೆರಾಗಳ ಕಣ್ಣಿನಿಂದ ಕುಂಕುಮ ಒರೆಸುವುದು. ಆ ದಿನ ಒರೆಸಲಿಲ್ಲ. ನನ್ನ ಫೋನಿನ ಸಮಯ ನೋಡಿದೆ: ಸೋಮವಾರ ಬೆಳಗ್ಗೆ ಹನ್ನೊಂದೂ ಹತ್ತು. ಮಾನಿಟರ್ ನೋಡಿದೆ: ಭಾನುವಾರ 23:10. ಸರಿಯಾಗಿ ಹನ್ನೆರಡು ಗಂಟೆ ಹಿಂದೆ.

ಹಿರಿಯ ಗುಮಾಸ್ತರು ಪಕ್ಕದಲ್ಲೇ ಹಿತ್ತಾಳೆ ಚೊಂಬು ಒರೆಸುತ್ತಿದ್ದರು. “ಇದರ ಟೈಮ್ ಯಾರು ಇಟ್ಟಿದ್ದು ಅಂಕಲ್?” ಎಂದೆ.

“ನಾನೇ ಕಣಮ್ಮ. ಅಂಗಡಿ ತೊಳೆಯೋಕೆ ಅಂತ ಹಬ್ಬದ ಹಿಂದಿನ ಸಂಜೆ ಎಲ್ಲಾ ಪ್ಲಗ್ ಕಿತ್ತಿದ್ವಿ. ಪೂಜೆ ದಿನ ಮೆಷೀನಿಗೆ ರಜಾ. ಸಂಜೆ ದೀಪ ಹಚ್ಚಿದ್ಮೇಲೆ ಪ್ಲಗ್ ಹಾಕಿದ್ರೆ ಇಪ್ಪತ್ತು ವರ್ಷ ಹಿಂದಿನ ಇಸವಿ ತೋರಿಸ್ತು! ಹಬ್ಬದ ದಿನ ನಿಮಗ್ಯಾಕೆ ತೊಂದ್ರೆ ಅಂತ ನಾನೇ ತಾರೀಖು ಒತ್ತಿದೆ, ಏಳೂ ಇಪ್ಪತ್ತು ಅಂತ ಟೈಮೂ ಒತ್ತಿದೆ.”

ಮೆಷೀನಿನ ಲೆಕ್ಕ ಇಪ್ಪತ್ತನಾಲ್ಕು ಗಂಟೆಯದು. ಸಂಜೆ ಏಳೂ ಇಪ್ಪತ್ತಕ್ಕೆ 19:20 ಎಂದು ಒತ್ತಬೇಕು. ಅವರು 07:20 ಒತ್ತಿದ್ದರು. ಆವತ್ತಿನಿಂದ ಆ ಅಂಗಡಿಯ ಬೆಳಗೆಲ್ಲ ಮೆಷೀನಿಗೆ ಹಿಂದಿನ ದಿನದ ರಾತ್ರಿ. ಅವ್ವ ಗುರುವಾರ ಬೆಳಗ್ಗೆ ಎಂಟೂ ನಲವತ್ತಕ್ಕೆ ಹೊತ್ತ ಕಸ, ಬುಧವಾರ ರಾತ್ರಿಯ ಕಳವಾಗಿತ್ತು. ಪ್ಲಗ್ ಕಿತ್ತರೂ ಸಮಯ ಉಳಿಸಿಕೊಳ್ಳಲು ಮೆಷೀನಿನೊಳಗೆ ಅಂಗಿಯ ಗುಂಡಿಯಷ್ಟು ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತಿರುವುದು ಎರಡು ತಿಂಗಳ ಹಿಂದೆಯೇ ನನಗೆ ಗೊತ್ತಿತ್ತು. ‘ಮುಂದಿನ ಸಲ ಬದಲಿಸುವುದು’ ಎಂದು ಶೀಟಿನಲ್ಲಿ ಬರೆದು ಹೋದವಳು ನಾನೇ. ನನ್ನ ಸೋಮಾರಿತನದ ಶಿಕ್ಷೆಯನ್ನು ಅವ್ವ ಬೆಂಚಿನ ಮೇಲೆ ಕೂತು ಅನುಭವಿಸುತ್ತಿದ್ದಳು.

ಕಾಲಮ್ಮಿನಲ್ಲಿ ‘ಹನ್ನೆರಡು ಗಂಟೆ ಹಿಂದೆ’ ಎಂದು ದೊಡ್ಡದಾಗಿ ಬರೆದೆ. ಗುಮಾಸ್ತರು ಸಹಿ ಮಾಡುವಷ್ಟರಲ್ಲಿ ಮಾಲೀಕರು ಬಂದರು.

“ಏನಮ್ಮ ಅದು?”

“ಮೆಷೀನ್ ಟೈಮ್ ತಪ್ಪಿದೆ ಸರ್. ಹಬ್ಬದ ಸಂಜೆಯಿಂದ.”

“ಸರಿ ಮಾಡಿ ಹೋಗು.”

“ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದೀರಲ್ಲ ಸರ್. ಅದು ಮುಗಿಯೋ ತನಕ ಏನೂ ಮುಟ್ಟಬಾರದು.”

ಅವರು ಶೀಟನ್ನು ಎರಡು ಸಲ ಓದಿದರು. ನಾನು ಯಾರ ಮಗಳು ಎಂದು ಹೇಳಿಬಿಡುವ ಆಸೆಯಾಯಿತು, ತಡೆದುಕೊಂಡೆ. ಆದರೆ ಹಾಗೆ ಬಾಯಿಬಿಟ್ಟು ಸಮಯದ ಗುಟ್ಟು ಹೇಳಿ ನಾನೊಂದು ತಪ್ಪು ಮಾಡಿದ್ದೆ. ಎಷ್ಟು ದೊಡ್ಡ ತಪ್ಪೆಂದು ತಿಳಿದದ್ದು ಮೂರು ದಿನದ ಮೇಲೆ.

ಮಂಗಳವಾರ ಮಧ್ಯಾಹ್ನ ಕೊನೆಗೂ ಸಬ್ ಇನ್ಸ್‌ಪೆಕ್ಟರ್ ಮೇಡಂ ಸಿಕ್ಕರು. ನನ್ನ ವಯಸ್ಸಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಮೊದಲಿಗೇ ಹೇಳಿದೆ: ನಾನು ಆ ಹೆಂಗಸಿನ ಮಗಳು, ಆ ಮೆಷೀನಿನ ಸರ್ವಿಸ್ ಮಾಡುವವಳೂ ನಾನೇ. ಶೀಟು ಮುಂದಿಟ್ಟೆ. ಅವರು ಓದಿ ನೇರ ಗಾಯಕ್ಕೇ ಬೆರಳಿಟ್ಟರು.

“ಸೋಮವಾರ ತಪ್ಪಿತ್ತು, ಒಪ್ದೆ. ಅವತ್ತೂ ತಪ್ಪಿತ್ತು ಅಂತ ಹೇಗೆ ಹೇಳ್ತೀರಿ? ನೀವೇ ಹೋಗಿ ತಿರುಗಿಸಿರಬಹುದಲ್ಲ?”

ಈ ಪ್ರಶ್ನೆಗೆ ನಾನು ಹಿಂದಿನ ರಾತ್ರಿಯೇ ಉತ್ತರ ಸಿದ್ಧಮಾಡಿಕೊಂಡಿದ್ದೆ. “ಬಾಗಿಲ ಕ್ಯಾಮೆರಾ ನೋಡಿ ಮೇಡಂ. ಬೆಳಕಿದ್ದಾಗ ಅದು ಬಣ್ಣ ತೋರಿಸುತ್ತೆ, ಕತ್ತಲಾದ್ರೆ ತಾನೇ ಕಪ್ಪು ಬಿಳುಪಿಗೆ ಹೋಗುತ್ತೆ. ಲೆನ್ಸ್ ಮೇಲೆ ಕುಂಕುಮ ಇದೆ. ನಮ್ಮವ್ವ ಚೀಲ ಹೊತ್ತ 20:40ಕ್ಕೆ ಆ ಕುಂಕುಮ ಯಾವ ಬಣ್ಣದಲ್ಲಿದೆ ನೋಡಿ. ರಾತ್ರಿ ಆಗಿದ್ರೆ ಬೂದಿ ಬಣ್ಣ ಇರಬೇಕು. ಕೆಂಪಗಿದ್ರೆ ಹಗಲು. ಅದನ್ನ ನಾನು ತಿರುಗಿಸೋಕಾಗಲ್ಲ, ಸೂರ್ಯನ್ನ ಕೇಳಬೇಕು.”

ಮೇಡಂ ಅದನ್ನು ಶೀಟಿನ ಅಂಚಿನಲ್ಲಿ ಬರೆದುಕೊಂಡರು. “ಮೆಷೀನ್ ತರಿಸೋಕೆ ನೋಟಿಸ್ ಕೊಡ್ತೀನಿ. ಎರಡು ದಿನ ಬಂದೋಬಸ್ತ್ ಇದೆ, ಶುಕ್ರವಾರ ಆಗುತ್ತೆ.”

ಬುಧವಾರ ರೈಟರ್ ಅವ್ವನನ್ನು ಮತ್ತೆ ಕರೆಸಿದರು, ಹೇಳಿಕೆ ಪೂರ್ತಿಯಾಗಿಲ್ಲವೆಂದು. ಗುರುವಾರವೂ ಬರಹೇಳಿದರು. ಅವ್ವ ಬುತ್ತಿ ಕಟ್ಟಿಕೊಂಡು ಹೋಗತೊಡಗಿದಳು. “ಬೆಂಚಿಗಿ ನನ್ನ ಗುರುತು ಸಿಕ್ಕೈತಿ ಬಿಡು” ಎಂದಳು.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಭಾಯ್ ನನ್ನನ್ನು ಒಳಗೆ ಕರೆದರು. “ನಿನ್ನ ಪಾತ್ರೆ ಸಾಹುಕಾರ ಫೋನ್ ಮಾಡಿದ್ದ. ಹಾರ್ಡ್ ಡಿಸ್ಕ್ ಹಳೇದಾಗಿದೆಯಂತೆ. ಇವತ್ತೇ, ನಾಲ್ಕು ಗಂಟೆ ಒಳಗೆ ಹೊಸದು ಹಾಕ್ಬೇಕಂತೆ.”

ದೊಡ್ಡ ಡಿಸ್ಕ್ ಹಾಕಿಸಿ ಎಂದು ಒಂದು ವರ್ಷ ಗೋಗರೆದರೂ ಕಿವಿಗೆ ಹಾಕಿಕೊಳ್ಳದ ಮನುಷ್ಯ. ಎಲ್ಲ ರೆಕಾರ್ಡಿಂಗೂ ಇರುವುದು ಆ ಡಿಸ್ಕಿನಲ್ಲಿ. ನನ್ನ ಶೀಟು ಓದಿದ ಮೇಲೆ ಅವರು ಆ ರೆಕಾರ್ಡಿಂಗಿನಲ್ಲಿ ಏನೋ ನೋಡಿದ್ದಾರೆ. ನೋಡಬಾರದ್ದೇನೋ ಇದೆ.

ಭಾಯ್ ಗಡ್ಡ ಸವರಿಕೊಂಡರು. ನಮ್ಮ ದಂಧೆಯಲ್ಲಿ ಒಂದು ಪದ್ಧತಿಯಿದೆ. ಹೊಸ ಡಿಸ್ಕ್ ಹಾಕಿದರೆ ಹಳೆಯದು ಬದಲಿಯಾಗಿ ನಮಗೇ ಬರುತ್ತದೆ, ಯಾರೂ ವಾಪಸ್ ಕೇಳುವುದಿಲ್ಲ. “ಅವನೇ ಕೈಯಾರೆ ಕೊಡ್ತಾನೆ. ನೀನು ಬ್ಯಾಗಲ್ಲಿ ಹಾಕ್ಕೊಂಡು ಬರ್ತೀಯ” ಎಂದು ನಿಧಾನಕ್ಕೆ ಹೇಳಿದರು. “ಇದರಲ್ಲಿ ಕಳ್ಳತನ ಇಲ್ಲ.”

ನನಗೆ ಬೇಕಾದದ್ದೆಲ್ಲ ತಾನಾಗಿ ನನ್ನ ಬ್ಯಾಗಿಗೆ ಬೀಳಲು ಸಿದ್ಧವಾಗಿತ್ತು. ಅರ್ಧ ಗಂಟೆ ಕಳೆಯಿತು. ಆ ಅರ್ಧ ಗಂಟೆ ಹೊಸ ಡಿಸ್ಕಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಡಿಸ್ಕು ಮನೆಗೆ ತಂದು, ಇಡೀ ಬೀದಿಗೆ ಅದರಲ್ಲಿದ್ದದ್ದನ್ನು ಹಂಚಿದರೆ ಅವರ ಮಾನ ಒಂದೇ ದಿನದಲ್ಲಿ ಹೋಗುತ್ತಿತ್ತು. ಆದರೆ ಠಾಣೆಯಲ್ಲಿ ಅದು ಆರೋಪಿಯ ಮಗಳ ಬ್ಯಾಗಿನಿಂದ ಬಂದ ಡಿಸ್ಕು. ಕಸಕ್ಕೂ ಕಡೆ. ಅವರು ತಿದ್ದಿದ್ದಾಳೆ ಅನ್ನುತ್ತಾರೆ, ಇಲ್ಲವೆಂದು ನಾನು ತೋರಿಸಲಾರೆ. ನನಗೆ ಅವರ ಒಂದು ದಿನದ ಅವಮಾನ ಸಾಕಾಗಿರಲಿಲ್ಲ. ಸರಕಾರಿ ಕಾಗದದ ಮೇಲೆ, ಅವರದೇ ಸಹಿಯೊಂದಿಗೆ ಉಳಿಯುವಂಥದ್ದು ಬೇಕಿತ್ತು.

“ಭಾಯ್, ಬ್ಯಾಗಿಗೆ ಹಾಕ್ಕೊಳ್ಳಲ್ಲ. ಪೊಲೀಸರ ಕೈಯಲ್ಲೇ ತೆಗೆಸ್ತೀನಿ” ಎಂದೆ.

“ಆ ಬೀದಿ ವರ್ತಕರ ಅಸೋಸಿಯೇಷನ್ ಕಾಂಟ್ರಾಕ್ಟ್ ಹೋದ್ರೂ ಹೋಗಬಹುದು.” ಭಾಯ್ ತಮ್ಮ ಸ್ಕೂಟರಿನ ಕೀ ನನ್ನ ಕಡೆ ಎಸೆದರು. “ಹೋಗು. ಹೆಲ್ಮೆಟ್ ಹಾಕ್ಕೋ.”

ಮೇಡಂ ಬಂದೋಬಸ್ತಿನಲ್ಲಿದ್ದರು. ರೈಟರ್ ಹತ್ತಿರ ನಂಬರ್ ಕೇಳಿದರೆ ಕೊಡಲಿಲ್ಲ. ಅವ್ವ ಅಲ್ಲೇ ಬೆಂಚಿನ ಮೇಲಿದ್ದಳು. ನಾನು ಅವಳ ಪಕ್ಕ ಕೂತು ಬಿಳಿ ಹಾಳೆಯ ಮೇಲೆ ಬರೆದೆ: ‘ಇವತ್ತು ನಾಲ್ಕು ಗಂಟೆಗೆ ದೂರುದಾರರು ರೆಕಾರ್ಡಿಂಗ್ ಇರುವ ಡಿಸ್ಕನ್ನು ತೆಗೆಸುತ್ತಿದ್ದಾರೆ. ತೆಗೆಯಲು ಹೇಳಿರುವುದು ನನಗೆ. ನಾನು ಆರೋಪಿಯ ಮಗಳು. ನಾನು ತೆಗೆದರೆ ಸಾಕ್ಷ್ಯ ಹಾಳಾಗುತ್ತದೆ. ತಾವು ಬಂದು ತೆಗೆಸಿಕೊಳ್ಳಬೇಕು.’ ಎರಡು ಪ್ರತಿ. ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಕೊಡಿ ಎಂದೆ. ರೈಟರ್ ಓದಿದರು, ಮತ್ತೊಮ್ಮೆ ಓದಿದರು. ಮೊಹರು ಬಿದ್ದರೆ ಮುಂದೆ ಉತ್ತರ ಹೇಳಬೇಕಾದವರು ತಾವೇ ಎಂದು ಅವರಿಗೆ ಹೊಳೆದಿರಬೇಕು. ಫೋನ್ ಎತ್ತಿ ಮೇಡಂಗೆ ಮಾಡಿದರು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ನಾನು ಅಂಗಡಿಗೆ ಹೋದೆ. ಮಾಲೀಕರು ಗಡಿಯಾರ ನೋಡುತ್ತ, “ಬೇಗ ಮುಗಿಸಮ್ಮ” ಎಂದರು. ನಾನು ಕೊಡಪಾನಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟೆ. ಇಷ್ಟು ನಿಧಾನವಾಗಿ ಜೀವಮಾನದಲ್ಲಿ ಕೆಲಸ ಮಾಡಿಲ್ಲ. ಕೊನೆಯ ಕೊಡಪಾನ ತೆಗೆಯುವ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತು. ಮೇಡಂ ಜೊತೆ ಇಂದಿರಾನಗರದ ಬೇರೊಂದು ಕಂಪನಿಯ ತಂತ್ರಜ್ಞನಿದ್ದ. ಪಕ್ಕದ ಬಟ್ಟೆ ಅಂಗಡಿಯವರನ್ನೂ ಎದುರಿನ ಹೂವಿನಾಕೆಯನ್ನೂ ಸಾಕ್ಷಿಗೆ ಪಂಚರಾಗಿ ಕರೆದರು.

“ಅರ್ಧ ಗಂಟೆ ಕೆಲಸಕ್ಕೆ ಪೊಲೀಸ್ ಯಾಕೆ ಮೇಡಂ?” ಮಾಲೀಕರು ನಗಲು ನೋಡಿದರು.

“ಕ್ಯಾಮೆರಾ ಹಂಚ್ಕೊಳ್ಳೋ ಮೀಟಿಂಗಲ್ಲಿ ಮೊದಲು ಕೈ ಎತ್ತಿದ್ದು ನೀವೇ ಅಲ್ವಾ ಸರ್? ಈಗ ಹಂಚ್ಕೊಳ್ಳಿ.”

ಹೂವಿನಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ದೂರ ನಿಂತೆ. ಬೇರೆಯವನು ಡಿಸ್ಕ್ ಬಿಚ್ಚಿದ. ಅದರ ಮೇಲಿನ ನಂಬರ್ ಬರೆದುಕೊಂಡರು, ಕವರಿಗೆ ಹಾಕಿ ಅರಗು ಒತ್ತಿದರು, ಪಂಚರು ಸಹಿ ಮಾಡಿದರು. ಮಾಲೀಕರು ನನ್ನತ್ತ ತಿರುಗಿ, “ನೀನೇನಮ್ಮ ನಿಂತು ನೋಡ್ತಿದ್ದೀಯ?” ಎಂದರು.

“ಆ ಕೆಂಪು ವೃತ್ತದಲ್ಲಿರೋದು ನಮ್ಮವ್ವ ಸರ್.”

ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಆಸೆಯಿಂದ ನೋಡಿದೆ. ಮುಚ್ಚುಮರೆಯೇನೂ ಇಲ್ಲ, ಖುಷಿಯಾಯಿತು.

ಶುಕ್ರವಾರ ಠಾಣೆಯಲ್ಲಿ ಡಿಸ್ಕಿನ ಪ್ರತಿ ತೆಗೆದು, ಪ್ರತಿ ಫೈಲಿಗೂ ಹ್ಯಾಶ್ ಎಂಬ ಉದ್ದನೆಯ ಅಂಕಿಸಾಲನ್ನು ಬರೆದುಕೊಂಡರು. ಅದು ಫೈಲಿನ ಬೆರಳಚ್ಚಿದ್ದ ಹಾಗೆ, ಒಂದು ಚುಕ್ಕೆ ತಿದ್ದಿದರೂ ಬದಲಾಗುತ್ತದೆ. ಆಮೇಲೆ ನೋಡಲು ಕೂತೆವು: ಮೇಡಂ, ತಂತ್ರಜ್ಞ, ಮಾಲೀಕರು, ಅವ್ವ, ನಾನು. ಮೊದಲು 20:40ರ ಬಾಗಿಲ ಕ್ಯಾಮೆರಾ. ಕುಂಕುಮ ಬಿಸಿಲಿಗೆ ಕೆಂಡದಂತೆ ಕೆಂಪಗೆ ಉರಿಯುತ್ತಿತ್ತು. ಹಬ್ಬದ ದಿನ ಬೆಳಗಿನ 07:20 ಎಂದು ಮೆಷೀನು ಹೇಳುವಾಗ ಬೀದಿ ಕಗ್ಗತ್ತಲು, ಕುಂಕುಮ ಬೂದಿ. ಮೇಡಂ ತಲೆಯಾಡಿಸಿ ಬರೆದುಕೊಂಡರು.

ಎರಡನೆಯದು ಅದೇ ದಿನದ 07:50. ಅಂದರೆ ಹಬ್ಬದ ಸಂಜೆ ಏಳೂ ಐವತ್ತು. ಹಿಂದಿನ ಕೋಣೆಯಲ್ಲಿ ಪೂಜೆಯ ಸಾಮಾನು ಎತ್ತಿಡುತ್ತಿರುವವರು ಸ್ವತಃ ಮಾಲೀಕರು. ಆರತಿ ತಟ್ಟೆ, ಗಂಟೆ, ಪೂಜೆಗೆ ಹಚ್ಚಿಟ್ಟಿದ್ದ ಬೆಳ್ಳಿ ದೀಪದ ಜೋಡಿ. ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಏಣಿ ಹತ್ತಿ ಅಟ್ಟದ ಮೇಲಿಟ್ಟರು. ಗಿರಾಕಿಯ ಮದುವೆಗೆಂದು ಮಾಡಿಸಿದ ದೀಪಗಳು ವರ್ಷಕ್ಕೊಮ್ಮೆ ಇಳಿಸುವ ಡಬ್ಬಿ ಸೇರಿದವು, ಅವರ ಕೈಯಿಂದಲೇ. ಮರೆತುಬಿಟ್ಟಿದ್ದರು.

ಅಷ್ಟೇ ಆಗಿದ್ದರೆ ನಾನೂ ಮರೆವು ಎಂದು ಬಿಡುತ್ತಿದ್ದೆನೇನೋ. ಮೂರನೆಯದು ಮೆಷೀನಿನ ಲೆಕ್ಕದಲ್ಲಿ ಸೋಮವಾರ ರಾತ್ರಿಯದು, ಅಂದರೆ ಮಂಗಳವಾರ ಬೆಳಗಿನದು, ನಾನು ಶೀಟು ಕೊಟ್ಟ ಮರುದಿನ. ಗುಮಾಸ್ತರು ಬರುವ ಮೊದಲೇ ಮಾಲೀಕರು ಒಬ್ಬರೇ ಬಂದು ಏಣಿ ಹತ್ತಿದರು. ಡಬ್ಬಿ ಇಳಿಸಿದರು, ಬಟ್ಟೆ ಬಿಚ್ಚಿದರು. ದೀಪಗಳನ್ನು ತೊಡೆಯ ಮೇಲಿಟ್ಟುಕೊಂಡು ಏಣಿಯ ಕೆಳಗಿನ ಮೆಟ್ಟಿಲಲ್ಲಿ ಬಹಳ ಹೊತ್ತು ಕೂತರು. ಆಮೇಲೆ ಅವನ್ನು ಟವೆಲಿನಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡು, ತಲೆಯೆತ್ತಿ ನೇರವಾಗಿ ಕ್ಯಾಮೆರಾ ನೋಡಿದರು.

ನನ್ನ ಕೈ ತಾನಾಗಿ ಫೋನಿಗೆ ಹೋಯಿತು. ಮಾನಿಟರ್ ಮುಂದೆ ಹಿಡಿದರೆ ಸಾಕು, ಅವರು ಮಾಡಿದ ಹಾಗೆಯೇ. ಮುಖದ ಸುತ್ತ ಒಂದು ಕೆಂಪು ವೃತ್ತ. ಗುಂಪಿನಲ್ಲಿ ನಾನೂ ಇದ್ದೇನಲ್ಲ.

“ಬೇಡ” ಎಂದರು ಮೇಡಂ, ನನ್ನ ಕಡೆ ನೋಡದೆಯೇ.

ಫೋನು ಜೇಬಿಗೆ ಹಾಕಿದೆ. ಅವರಿಗೆ ದೂರು ಕೊಡುವ ಅವಕಾಶ ನಾನೇಕೆ ಮಾಡಿಕೊಡಲಿ?

“ಮಂಗಳವಾರ ನಿಮಗೆ ದೀಪ ಸಿಕ್ಕಿದೆ” ಎಂದರು ಮೇಡಂ ಮಾಲೀಕರಿಗೆ. “ಬುಧವಾರ, ಗುರುವಾರ ಈಕೇನ ನಾವಿಲ್ಲಿ ಕೂರಿಸಿದ್ವಿ. ನೀವು ಬಾಯಿ ಬಿಡಲಿಲ್ಲ.”

“ಗಿರಾಕಿಗೆ ಹೊಸ ಜೋಡಿ ಅಂತ ಹೇಳಿ ಕೊಟ್ಟೆ ಮೇಡಂ… ಬೀದೀಲಿ ಹೆಸರು…” ಎಂದರು ಮಾಲೀಕರು.

ಪ್ರಮಾಣಪತ್ರದ ಯಜಮಾನನ ಭಾಗಕ್ಕೆ ಅವರೇ ಸಹಿ ಹಾಕಬೇಕಿತ್ತು: ಈ ಮೆಷೀನು ನನ್ನದು, ಇದರ ಗಡಿಯಾರ ಹನ್ನೆರಡು ಗಂಟೆ ಹಿಂದಿತ್ತು, ಈ ದೃಶ್ಯಗಳು ಇದರವೇ. ಕನ್ನಡಕ ತಂದಿರಲಿಲ್ಲ. ನಾನೇ ಗಟ್ಟಿಯಾಗಿ ಓದಿ ಹೇಳಿದೆ, ಒಂದು ಅಕ್ಷರ ಬಿಡದೆ.

ಹೊರಗೆ ಅಂಗಳದಲ್ಲಿ ಅಸೋಸಿಯೇಷನ್ನಿನ ಇಬ್ಬರು ಕಾದಿದ್ದರು. ರಾಜಿಯ ಮಾತು ಶುರುವಾಯಿತು. ಮಾಲೀಕರು ದೂರು ವಾಪಸ್ ತೆಗೆದುಕೊಳ್ಳುತ್ತಾರೆ, ನಾವು ಸುಮ್ಮನಿರಬೇಕು.

“ಏನೋ ಆಗೋಯ್ತಮ್ಮ. ನೀನು ಓದಿದ ಹುಡುಗಿ, ಅರ್ಥ ಮಾಡ್ಕೋಬೇಕು” ಎಂದರು ಮಾಲೀಕರು.

“ನಾನು ಓದಿದ್ದೇ ಇದಕ್ಕೆ ಸರ್” ಎಂದೆ. ದೀಪ ಸಿಕ್ಕ ಮೇಲೂ ಸುಳ್ಳು ದೂರನ್ನು ನಡೆಸಿದ್ದಕ್ಕೆ, ಸಾಕ್ಷ್ಯ ತೆಗೆಸಲು ಹೊರಟಿದ್ದಕ್ಕೆ ಪ್ರತಿದೂರನ್ನು ಹೊರಗೆ ಬರುವ ಮೊದಲೇ ಠಾಣೆಯ ಬೆಂಚಿನ ಮೇಲೆ ಕೂತು ಬರೆದಿದ್ದೆ. ಅವ್ವನ ಮುಂದೆ ಹಿಡಿದೆ. ಸಹಿ ಮಾಡುವುದಿಲ್ಲ ಎಂದುಕೊಂಡಿದ್ದೆ. ಅವ್ವ ಸುಮ್ಮನೆ ಪೆನ್ನು ಇಸಿದುಕೊಂಡು, ನಾನು ಕಲಿಸಿದ ಐದಕ್ಷರವನ್ನು ಒತ್ತಿ ಬರೆದಳು.

“ಇದು ಕೋರ್ಟಿಗಿ ಆತು” ಎಂದಳು. “ಬೀದಿಗಿ?”

ಬೀದಿಗೂ ಆಯಿತು. ಸೋಮವಾರ ಬೆಳಗ್ಗೆ ಶಟರ್‌ಗಳೆಲ್ಲ ಏಳುವ ಹೊತ್ತಿಗೆ, ಅಸೋಸಿಯೇಷನ್ನಿನವರು ಹೇಳಿಕಳಿಸಿದ್ದರಿಂದ ಪಾತ್ರೆ ಅಂಗಡಿಯ ಮುಂದೆ ವರ್ತಕರೆಲ್ಲ ಸೇರಿದ್ದರು. ಅವ್ವ ಹಬ್ಬದ ಸೀರೆ ಉಟ್ಟು ಬಂದಿದ್ದಳು. ಮಾಲೀಕರು ನೆಲ ನೋಡುತ್ತ, “ಮೆಷೀನ್ ಟೈಮ್ ತಪ್ಪಿತ್ತು. ಅದರಿಂದ ಈಯಮ್ಮನ ಮೇಲೆ ತಪ್ಪು ತಿಳ್ಕೊಂಡೆ. ಕ್ಷಮೆ ಇರಲಿ” ಎಂದರು. ಬಟ್ಟೆ ಅಂಗಡಿಯವರು ಸದ್ಯ ಮುಗಿಯಿತೆಂದು ಚಪ್ಪಾಳೆಗೆ ಕೈ ಎತ್ತಿದರು.

“ತಡೀರಿ” ಎಂದಳು ಅವ್ವ. “ದೀಪ ಕಾಣಲಿಲ್ಲ, ನನ್ನ ಮ್ಯಾಲ ಅನುಮಾನ ಬಂತು. ಬರ್ಲಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ದೀಪ ಸಿಕ್ಕ ಮ್ಯಾಲ ಮೂರು ದಿನ ಸುಮ್ಮ ಕುಂತ್ರಿ. ಅದನ್ನ ಹೇಳ್ರಿ.”

ಮಾಲೀಕರು ಅಸೋಸಿಯೇಷನ್ನಿನವರ ಮುಖ ನೋಡಿದರು. ಅವರು ಬೇರೆಡೆ ನೋಡಿದರು.

“ಹೇಳ್ರಿ. ನಂಗ ಮೆಟ್ರೋ ಗಾಡಿಗಿ ಹೊತ್ತಾಗ್ತದ.”

“ದೀಪ ನನ್ನ ಹತ್ರಾನೇ ಇತ್ತು” ಎಂದರು ಮಾಲೀಕರು. ದನಿ ಬೀದಿಯ ಆಚೆ ಬದಿಗೆ ಕೇಳುವಷ್ಟಿರಲಿಲ್ಲ. ಅವ್ವ ಕಿವಿಯ ಹಿಂದೆ ಕೈ ಇಟ್ಟಳು. ಅವರು ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದರು: “ಮಂಗಳವಾರಾನೇ ಸಿಕ್ಕಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.”

ಈ ಸಲ ಯಾರೂ ಕೈ ಎತ್ತಲಿಲ್ಲ.

ಉಳಿದೆರಡು ಅಂಗಡಿಯವರು ಅವ್ವನನ್ನು ಕರೆದರು. ಒಂದಕ್ಕೆ ಹೋದಳು, ಇನ್ನೊಂದಕ್ಕೆ ಆಗುವುದಿಲ್ಲ ಎಂದಳು. ಅಸೋಸಿಯೇಷನ್ ಕಾಂಟ್ರಾಕ್ಟ್ ಹೋಗಲಿಲ್ಲ, ಬಿಡಿಸಿದರೆ ಬೀದಿ ನಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಪ್ರತಿದೂರು ನ್ಯಾಯಾಲಯದಲ್ಲಿದೆ. ತಾರೀಖು ಬಿದ್ದಾಗಲೆಲ್ಲ ಅವರು ಬರುತ್ತಾರೆ, ನಾನೂ ಹೋಗುತ್ತೇನೆ. ಒಂದೂ ತಪ್ಪಿಸಿಲ್ಲ.

ಮುಂದಿನ ತಿಂಗಳ ಸರ್ವಿಸ್‌ಗೆ ಆ ಬೀದಿಗೆ ಬೇರೆಯವರನ್ನು ಕಳಿಸುತ್ತೇನೆ ಎಂದರು ಭಾಯ್. ನಾನೇ ಹೋಗುತ್ತೇನೆ ಎಂದೆ. ಪಾತ್ರೆ ಅಂಗಡಿಯಲ್ಲಿ ಬ್ಯಾಟರಿ ಬದಲಿಸಿದೆ, ಸಮಯ ಸರಿ ಮಾಡಿದೆ, ಬಾಗಿಲ ಕ್ಯಾಮೆರಾ ಒರೆಸಿದೆ. ಮಾಲೀಕರು ಗಲ್ಲಾದ ಹತ್ತಿರ ನಿಂತೇ ಇದ್ದರು. ಕೊನೆಗೆ ರೆಕಾರ್ಡಿಂಗ್ ಪರೀಕ್ಷೆ. ಹೊಸ ಡಿಸ್ಕಿನಲ್ಲಿ ಯಾವುದಾದರೊಂದು ದಿನದ ಯಾವುದಾದರೊಂದು ಹೊತ್ತು ತೆಗೆದು ನೋಡಬೇಕು. ಹಿಂದಿನ ದಿನದ ಬೆಳಗಿನದನ್ನು ತೆಗೆದೆ.

ಬೀದಿಯ ಗುಡಿಸುವ ಹೆಂಗಸರು ಯಾರೂ ಆ ಅಂಗಡಿಯ ಕೆಲಸ ಹಿಡಿದಿರಲಿಲ್ಲ. ಕರೆದವರೆಲ್ಲ ನಾಳೆ ಎಂದು ಹೇಳಿ ಹೋಗಿದ್ದರಂತೆ. ತೆರೆಯ ಮೇಲೆ ಮಾಲೀಕರು ಪಂಚೆ ಎತ್ತಿ ಕಟ್ಟಿ, ಬಾಗಿ, ಹಿಂದಿನ ಕೋಣೆಯ ಕಸ ಗುಡಿಸುತ್ತಿದ್ದರು. ಮೂಲೆಯಿಂದ ಬಾಗಿಲ ತನಕ ಗುಡಿಸಿದರು. ನಡು ನೋಯಿತೇನೋ, ನಡುವೆ ಒಮ್ಮೆ ಗೋಡೆ ಹಿಡಿದು ನಿಂತರು. ಆಮೇಲೆ ಮೊರದಲ್ಲಿ ಕಸ ತುಂಬಿ ಬೀದಿಗೆ ಹೊತ್ತುಕೊಂಡು ಹೋದರು. ರೆಕಾರ್ಡಿಂಗ್ ಸರಿಯಿದೆಯೇ ಎಂದು ನೋಡಲು ಹತ್ತು ಸೆಕೆಂಡು ಸಾಕು. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ನಾನು ಪೂರ್ತಿ ನೋಡಿದೆ, ಆಮೇಲೆ ಶೀಟು ಅವರ ಮುಂದೆ ಇಟ್ಟು ಸಹಿ ಹಾಕಿಸಿಕೊಂಡೆ.